ಮನೆಯಾಚೆಯ ಒಲೆ

ಮಣಿಪಾಲದವರಿಗೆ ಮಲೇಷ್ಯಾದ ಮಕ್ಕಳು ಹೊಸಬರಲ್ಲ. 1953ರಲ್ಲಿ ಡಾ. ಟಿ. ಎಂ. ಎ. ಪೈಗಳು ಈ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಕಟ್ಟಿದ ಮೇಲೆ, ಆ ದೇಶದಿಂದ ಡಾಕ್ಟರಾಗಲು ಬಂದು ಹೋದವರು ತಲೆಮಾರುಗಟ್ಟಲೆ ಇದ್ದಾರೆ. 1997ರಲ್ಲಿ ಮೆಲಾಕಾ ಮಣಿಪಾಲ ವೈದ್ಯಕೀಯ ಕಾಲೇಜು ಶುರುವಾಯಿತು. ಮೊದಲ ಎರಡೂವರೆ ವರ್ಷ ಇಲ್ಲಿ, ಉಳಿದ ಎರಡೂವರೆ ವರ್ಷ ಅಲ್ಲಿ ಮೆಲಾಕಾದಲ್ಲಿ ಎಂಬ ಏರ್ಪಾಟು ಆಗ ಇತ್ತು. ನಾವು ನಮ್ಮ ಮಕ್ಕಳನ್ನು ಪರದೇಶಕ್ಕೆ ಕಳಿಸಿ ಅವರು ಏನು ಉಣ್ಣುತ್ತಾರೋ ಎಂದು ಚಿಂತಿಸುವ ಜನ. ನಮ್ಮ ಊರೇ ಇನ್ಯಾರದೋ ಮಕ್ಕಳಿಗೆ ಪರದೇಶ ಎಂಬುದು ನನಗೆ ಮನದಟ್ಟಾದದ್ದು ನಮ್ಮ ಮಹಡಿಯ ಮನೆಯನ್ನು ಮೂವರು ಹುಡುಗಿಯರು ಬಾಡಿಗೆಗೆ ಹಿಡಿದ ಮೇಲೆ.

ಒಬ್ಬಳು ಮೆಲಾಕಾದ ಮಲಯ್ ಹುಡುಗಿ, ಒಬ್ಬಳು ಪೆನಾಂಗಿನ ಚೀನೀ ಮನೆತನದವಳು, ಇನ್ನೊಬ್ಬಳು ಈಪೊ ಪಟ್ಟಣದ ತಮಿಳು ಹುಡುಗಿ. ಮೂವರ ಸೂಟ್‌ಕೇಸುಗಳಲ್ಲೂ ಬಟ್ಟೆಗಿಂತ ತಿನ್ನುವ ಸಾಮಾನು ಹೆಚ್ಚು. ಮೈಲೊ ಪೊಟ್ಟಣ, ಅವರ ದೇಶದ ರುಚಿಯ ಮ್ಯಾಗಿ, ಇಕಾನ್ ಬಿಲಿಸ್ ಎಂಬ ಸಣ್ಣ ಒಣಮೀನು, ಅಮ್ಮಂದಿರು ಎಣ್ಣೆ ಬಿಡುವ ತನಕ ಹುರಿದು ಬಾಟಲಿಗೆ ತುಂಬಿದ ಸಂಬಾಲ್. ಇವೆಲ್ಲದರ ಅಡಿಯಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸುತ್ತಿ ಇಟ್ಟ ಬೆಲಾಚಾನ್. ಸೀಗಡಿಗೆ ಉಪ್ಪು ಹಾಕಿ, ಹುದುಗಿಸಿ, ಅರೆದು, ಒಣಗಿಸಿ ಕಟ್ಟಿದ ಕಂದು ಬಣ್ಣದ ಅಚ್ಚು ಅದು. ಒಂದು ಸಂಜೆ ಅದನ್ನವರು ಒಲೆಯ ಮೇಲೆ ಸುಟ್ಟಾಗ ವಾಸನೆ ಕೆಳಗಿನ ಜಗಲಿಗೂ ಇಳಿಯಿತು. "ಎಂಥ ಮಾರಾಯ್ತಿ, ಮೇಲೆ ಎಂಥ ಸುಡ್ತಿದ್ದಾರೆ?" ಎಂದು ನಮ್ಮವರು ಪೇಪರಿನಿಂದ ತಲೆಯೆತ್ತಿದರು. ಮೇಲೆ ಹೋದರೆ ಕಿಟಕಿಗಳೆಲ್ಲ ತೆರೆದಿವೆ, ಹುಡುಗಿಯರು ಬೈಸಿಕೊಳ್ಳಲು ತಯಾರಾಗಿ ಸಾಲಾಗಿ ನಿಂತಿದ್ದಾರೆ. ಹಿಂದೆ ಇದ್ದ ಮನೆಯವರು ಅದೇ ವಾಸನೆಗಾಗಿ ಅವರನ್ನು ಬಿಡಿಸಿದ್ದರಂತೆ. ಒಣ ಸೀಗಡಿ ಚಟ್ನಿಯಲ್ಲೇ ಗಂಜಿ ಉಂಡು ಬೆಳೆದವಳು ನಾನು. ಆ ವಾಸನೆಯಲ್ಲಿ ನನಗೆ ಪರಕೀಯವಾದದ್ದು ಏನೂ ಕಾಣಲಿಲ್ಲ. ಕುಳಿತು ಅವರೊಂದಿಗೆ ಉಂಡೆ.

ಆದರೆ ಅವತ್ತಿನಿಂದ ಒಂದು ಪ್ರಶ್ನೆ ಹಿಡಿದುಕೊಂಡಿತು. ಈ ಮಕ್ಕಳಿಗೆ ಇಲ್ಲಿ ಏನು ಕಡಿಮೆ? ಅವರ ಅಡುಗೆಗೆ ಬೇಕಾದ ತೆಂಗಿನಕಾಯಿ ಹಿತ್ತಲಿನಲ್ಲಿದೆ. ಅಕ್ಕಿ ಇದೆ, ಬಾಳೆಯೆಲೆ ಇದೆ, ಹುಣಸೆ ಇದೆ, ಮೆಣಸಿದೆ. ಮಲ್ಪೆ ಬಂದರು ಪಕ್ಕದಲ್ಲೇ. ಬೆಳಿಗ್ಗೆ ಹಿಡಿದ ಮೀನು ಮಧ್ಯಾಹ್ನಕ್ಕೆ ಮನೆಗೆ ಬರುತ್ತದೆ. ನಾಸಿ ಲೆಮಾಕ್ ಎಂಬ ಅವರ ಕಾಯಿಹಾಲಿನ ಅನ್ನಕ್ಕೆ ಪಾಂಡಾನ್ ಎಲೆ ಬೇಕೆಂದಾಗ, ನಾವು ಮೂಡೆ ಸುತ್ತುವುದು ಅದೇ ಕುಲದ ಎಲೆಯಲ್ಲಿ ಎಂದು ಉತ್ಸಾಹದಿಂದ ತರಿಸಿಕೊಟ್ಟೆ. ಪೆನಾಂಗಿನವಳು ಎಲೆಯನ್ನು ಮೂಗಿಗೆ ಹಿಡಿದಳು. "ಒಳ್ಳೇ ವಾಸನೆ ಆಂಟಿ, ಆದರೆ ನಮ್ಮದಲ್ಲ" ಎಂದಳು. ನಾನು ಬಂಗುಡೆ ಗಸಿ ಮಾಡಿದಾಗ ಒಂದು ಪಾತ್ರೆ ಮಹಡಿಗೆ ಹೋಗುತ್ತಿತ್ತು. ಅವರು ಚೆನ್ನಾಗಿಯೇ ಉಣ್ಣುತ್ತಿದ್ದರು, ಪಾತ್ರೆ ತೊಳೆದು ಕೃತಜ್ಞತೆಯಿಂದ ಹಿಂದಿರುಗಿಸುತ್ತಿದ್ದರು. ಅದೇ ರಾತ್ರಿ ಹನ್ನೊಂದರ ಮೇಲೆ ಮಹಡಿಯ ಮೆಟ್ಟಿಲ ಮೇಲೆ ಕುಳಿತು ಮತ್ತೆ ತಮ್ಮ ಊರಿನ ತಿಂಡಿಗಳ ಹೆಸರು ಹೇಳಿಕೊಳ್ಳಲು ಶುರು. ಉಂಡ ಹೊಟ್ಟೆಯಲ್ಲಿ ಆ ಹಸಿವು ಹೇಗೆ ಉಳಿಯುತ್ತಿತ್ತು?

ಮೂವರಲ್ಲಿ ಹೆಚ್ಚು ಕಷ್ಟಪಟ್ಟವಳು ಈಪೊ ಹುಡುಗಿ. ಅವಳ ಮುಖ ನೋಡಿದ ರಿಕ್ಷಾದವರು ಕನ್ನಡದಲ್ಲೋ ತುಳುವಿನಲ್ಲೋ ಮಾತು ಶುರುಮಾಡುತ್ತಿದ್ದರು. "ನಿನಗೇನಮ್ಮ, ಇಡ್ಲಿ ಸಾಂಬಾರು ಎಲ್ಲ ಸಿಗುತ್ತಲ್ಲ" ಎಂದು ಎಲ್ಲರೂ ಹೇಳುವವರೇ. ಚೀನೀ ಹುಡುಗಿಗೂ ಮಲಯ್ ಹುಡುಗಿಗೂ ಊರಿನ ಊಟ ನೆನಪಾಗುವುದು ಸಹಜ ಎಂದು ಒಪ್ಪುತ್ತಿದ್ದ ಜನ ಇವಳಿಗೆ ಮಾತ್ರ ಆ ಹಕ್ಕು ಕೊಡುತ್ತಿರಲಿಲ್ಲ. ಅವಳ ಅಜ್ಜನ ಅಪ್ಪ ರಬ್ಬರ್ ತೋಟದ ಕೂಲಿಯಾಗಿ ಹಡಗು ಹತ್ತಿದವರು. ನಾಲ್ಕು ತಲೆಮಾರು ಮಲಯಾ ನೆಲದಲ್ಲಿ ಕಳೆದುಹೋಗಿದೆ. ಅವಳಿಗೆ ಬೇಕಾದದ್ದು ಎಣ್ಣೆಸವರಿದ ಕಲ್ಲಿನ ಮೇಲೆ ಮಡಿಸಿ ಬೇಯಿಸಿದ ರೋಟಿ ಚನಾಯ್, ಜೊತೆಗೆ ತೆಳ್ಳನೆಯ ಬೇಳೆ, ಎತ್ತರದಿಂದ ಎರಡು ಲೋಟಗಳ ನಡುವೆ ಎಳೆದು ನೊರೆ ಬರಿಸಿದ ತೆಹ್ ತಾರಿಕ್ ಚಹಾ. ನಮ್ಮ ಪರೋಟ, ನಮ್ಮ ಚಹಾ ಅವುಗಳ ಹತ್ತಿರದ ನೆಂಟರೇ. ಹತ್ತಿರದ ರುಚಿ ದೂರದ ರುಚಿಗಿಂತ ಹೆಚ್ಚು ಕಾಡುತ್ತದೆ ಎಂಬುದನ್ನು ನಾನು ಅವಳನ್ನು ನೋಡಿ ತಿಳಿದೆ.

ಅವರು ಅಷ್ಟು ದೂರ ಬಂದದ್ದಕ್ಕೂ ಚರಿತ್ರೆಯ ಕಾರಣವಿದೆ. 1969ರ ಮೇ ತಿಂಗಳ ಜನಾಂಗೀಯ ಗಲಭೆಯ ನಂತರ ಮಲೇಷ್ಯಾ ಸರ್ಕಾರ 1971ರಲ್ಲಿ ಹೊಸ ಆರ್ಥಿಕ ನೀತಿ ತಂದಿತು. ಹಿಂದುಳಿದಿದ್ದ ಮಲಯರನ್ನು ಮೇಲೆತ್ತಲು ವಿಶ್ವವಿದ್ಯಾಲಯಗಳಲ್ಲಿ ಪಾಲು ನಿಗದಿಯಾಯಿತು. ಸ್ಥಳ ಸಿಗದ ಚೀನೀ, ಭಾರತೀಯ ಮೂಲದ ಮಕ್ಕಳು ಸ್ವಂತ ಖರ್ಚಿನಲ್ಲಿ ಹೊರದೇಶಗಳಿಗೆ ಹೊರಟರು. ಸರ್ಕಾರಿ ವಿದ್ಯಾರ್ಥಿವೇತನ ಪಡೆದ ಮಲಯ್ ಮಕ್ಕಳೂ ಹೊರಟರು. ಬೇರೆ ಬೇರೆ ಬಾಗಿಲುಗಳಿಂದ ಹೊರಬಿದ್ದವರು ನಮ್ಮ ಮಹಡಿಯಲ್ಲಿ ಒಂದೇ ಒಲೆಯ ಮುಂದೆ ಕುಳಿತಿದ್ದರು. ಒಬ್ಬಳಿಗೆ ಹಂದಿ ಆಗದು, ಇನ್ನೊಬ್ಬಳಿಗೆ ದನ ಆಗದು. ಆದ್ದರಿಂದ ಕೋಳಿ, ಮೀನು, ಮೊಟ್ಟೆ. ಕೋಳಿಯೂ ಹಲಾಲ್ ಅಂಗಡಿಯದ್ದೇ. ಯಾರೂ ಯಾರಿಗೂ ನಿಯಮ ಹೇಳಿದ್ದನ್ನು ನಾನು ಕೇಳಲಿಲ್ಲ.

ಮೆಲಾಕಾಕ್ಕೆ ಹೊರಟುನಿಂತ ದಿನ ಅವರು ಒಂದೇ ಮಾತು ಹೇಳಿದರು: "ಒಮ್ಮೆ ಬಂದು ತಿಂದು ನೋಡಿ ಆಂಟಿ, ಆಗ ಗೊತ್ತಾಗುತ್ತೆ." ಮೂವರೂ ಡಾಕ್ಟರಾಗಿ ಆಸ್ಪತ್ರೆಗಳಲ್ಲಿ ಕೆಲಸಕ್ಕೆ ಸೇರಿದ ಮೇಲೆ ನಾವಿಬ್ಬರೂ ಹೊರಟೆವು. ತಿರುಗಿ ಬಂದು ಎಷ್ಟೋ ಕಾಲವಾದರೂ ಆ ಪ್ರಯಾಣ ಮನಸ್ಸಿನಿಂದ ಇಳಿದಿಲ್ಲ.

ಮೆಲಾಕಾದ ಹುಡುಗಿಯ ಮನೆ ಪೇಟೆಯಿಂದ ಸ್ವಲ್ಪ ಹೊರಗೆ. ಅಂಗಳದಲ್ಲಿ ತೆಂಗು, ಮಾವು, ಬಾಳೆ, ಬೇಲಿಯ ಬದಿಗೆ ಮಜ್ಜಿಗೆಹುಲ್ಲು. ಮಧ್ಯಾಹ್ನದ ಹೊತ್ತಿಗೆ ಮೋಡ ಕವಿದು ಸುರಿದ ಮಳೆ, ಮಳೆ ನಿಂತ ಕೂಡಲೇ ನೆಲದಿಂದೆದ್ದ ಸೆಕೆ. ನಮ್ಮವರು ಮೆಟ್ಟಿಲ ಮೇಲೆ ಕುಳಿತು, "ಇಷ್ಟು ದೂರ ವಿಮಾನ ಹತ್ತಿ ಬಂದು ಬ್ರಹ್ಮಾವರದಲ್ಲಿ ಇಳಿದ ಹಾಗಾಯ್ತಲ್ಲ" ಎಂದರು. ಊಟಕ್ಕೆ ಚಾಪೆ ಹಾಸಿದರು. ಅಸಾಮ್ ಪೆಡಾಸ್ ಎಂಬ ಹುಳಿಖಾರದ ಮೀನು ಸಾರು, ತೊರಕೆ ಮೀನಿನದ್ದು. ಅದಕ್ಕೆ ಹಾಕಿದ ಹುಳಿಯ ಒಣ ಬಿಲ್ಲೆಗಳನ್ನು ಆಕೆಯ ತಾಯಿ ಡಬ್ಬಿಯಿಂದ ತೆಗೆದು ನನ್ನ ಅಂಗೈಗಿಟ್ಟರು. ನಮ್ಮ ಘಟ್ಟದ ಉಪ್ಪಾಗೆ, ಪುನರ್ಪುಳಿಗಳ ಕುಲದ್ದೇ ಮರದ ಹಣ್ಣು. ಮೂಸಿದಾಗ ಮಳೆಗಾಲದ ಮುಂಚೆ ಹಂಚಿನ ಮಾಡಿನ ಮೇಲೆ ಹುಳಿ ಒಣಗಿಸುವ ದಿನಗಳು ಕಣ್ಣಮುಂದೆ ಬಂದವು.

ಮೆಲಾಕಾ ಊರೂ ಕರಾವಳಿಯವರಿಗೆ ಹಾಗೇ ಪರಿಚಿತ ಅನಿಸುತ್ತದೆ. 1510ರಲ್ಲಿ ಗೋವೆಯನ್ನು ಹಿಡಿದ ಅಫೊನ್ಸೊ ಡಿ ಅಲ್ಬುಕರ್ಕ್ ಮರುವರ್ಷವೇ ಇಲ್ಲಿಗೆ ಬಂದು ಮೆಲಾಕಾವನ್ನೂ ಹಿಡಿದ. ಇವತ್ತು ಕುಂದಾಪುರದ ಮೀನುಸಾರಿಗೂ ಮೆಲಾಕಾದ ಸಂಬಾಲಿಗೂ ಕೆಂಪು ಬಣ್ಣ ಕೊಡುವ ಮೆಣಸಿನಕಾಯಿ ಅಮೆರಿಕದಿಂದ ಈ ಕಡಲುಗಳಿಗೆ ಬಂದದ್ದು ಆ ಪೋರ್ಚುಗೀಸರ ಕಾಲದಲ್ಲೇ. ಹೊಳೆಯ ಬದಿಯ ಕೆಂಪು ಡಚ್ಚರ ಕಟ್ಟಡ, ಹಳೆಯ ಚೀನೀ ಮನೆಗಳ ಸಾಲು, ತಮಿಳು ವ್ಯಾಪಾರಿಗಳು ಅಲ್ಲಿನವರನ್ನೇ ಮದುವೆಯಾಗಿ ನೆಲೆಸಿ ಹುಟ್ಟಿದ ಚಿಟ್ಟಿ ಸಮುದಾಯದವರ ವಿನಾಯಕ ದೇವಸ್ಥಾನ, ಎಲ್ಲವನ್ನೂ ನೋಡಿದೆವು. ಆದರೆ ನನ್ನ ಮನಸ್ಸು ಆ ತಾಯಿಯ ಒಂದು ಮಾತಿನಲ್ಲಿ ಸಿಕ್ಕಿಕೊಂಡಿತ್ತು.

ಊಟದ ನಡುವೆ ಆಕೆ ಮಗಳ ಕಡೆ ತಿರುಗಿ ಏನೋ ಹೇಳಿ ನಕ್ಕರು. ಮಗಳು ನಾಚಿಕೊಂಡು ನಮಗೆ ಇಂಗ್ಲಿಷಿನಲ್ಲಿ ಹೇಳಿದಳು. ಇಂಡಿಯಾದಿಂದ ಇವಳು ಫೋನ್ ಮಾಡಿದಾಗಲೆಲ್ಲ ಅಮ್ಮನ ಅಸಾಮ್ ಪೆಡಾಸ್ ಬೇಕು ಎನ್ನುತ್ತಾಳೆಂದು ಆಕೆ ಕಾಯುತ್ತಿದ್ದರಂತೆ. ಇವಳು ಕೇಳುತ್ತಿದ್ದುದು ಮಾತ್ರ, "ಶಾಲೆಯ ತಿರುವಿನ ನಾಸಿ ಲೆಮಾಕ್ ಅಕ್ಕ ಈಗಲೂ ಕೂರುತ್ತಾರಾ?" ಎಂದು.

ಮರುದಿನ ನಸುಕಿನಲ್ಲೇ ಆ ತಿರುವಿಗೆ ಹೋದೆವು. ಒಂದು ಮಡಚುವ ಮೇಜು, ಬಿಸಿಲು ಮಳೆಗೆ ಒಂದು ಕೊಡೆ, ಬಾಳೆಯೆಲೆಯೊಳಗೆ ಅನ್ನವಿಟ್ಟು ಮೂಲೆ ಮಡಿಸಿ ಕಟ್ಟಿದ ಪೊಟ್ಟಣಗಳ ಗುಡ್ಡೆ. ಬಿಚ್ಚಿದರೆ ಪಾಂಡಾನ್ ಪರಿಮಳದ ಕಾಯಿಹಾಲಿನ ಅನ್ನ, ಒಂದು ಚಮಚ ಸಿಹಿಖಾರದ ಸಂಬಾಲ್, ಹುರಿದ ಶೇಂಗಾ, ಗರಿಗರಿ ಒಣಮೀನು, ಅರ್ಧ ಮೊಟ್ಟೆ, ಎರಡು ಹೋಳು ಸೌತೆಕಾಯಿ. ಎಲೆಯ ಶಾಖಕ್ಕೆ ಅನ್ನದ ತುದಿ ಸ್ವಲ್ಪ ಹಸಿರಾಗಿರುತ್ತದೆ. ಬೈಕಿನವರು ಇಳಿಯದೆಯೇ ಕೈಚಾಚಿ ಕೊಂಡುಹೋಗುತ್ತಿದ್ದರು. ಶಾಲೆಯ ಮಕ್ಕಳು, ಕಚೇರಿಗೆ ಹೊರಟವರು, ರಾತ್ರಿಪಾಳಿ ಮುಗಿಸಿದ ನರ್ಸುಗಳು. ನಮ್ಮ ಹುಡುಗಿ ಆಸ್ಪತ್ರೆಯ ಬಟ್ಟೆಯಲ್ಲೇ ನಿಂತು, ಎಲೆಯನ್ನು ಎಡಗೈಯಲ್ಲಿ ಹಿಡಿದು ತಿನ್ನುತ್ತಿದ್ದಳು. ನನ್ನ ಮಹಡಿಯಲ್ಲಿ ಅವಳು ಇದೇ ಅನ್ನವನ್ನು ಎಷ್ಟೋ ಭಾನುವಾರ ಅಕ್ಕರೆಯಿಂದ ಮಾಡಿದ್ದಳು. ಮಾಡಿದಾಗಲೆಲ್ಲ ತಿಂದು ಮುಗಿಸಿ ಸ್ವಲ್ಪ ಹೊತ್ತು ಸುಮ್ಮನಾಗಿಬಿಡುತ್ತಿದ್ದಳು. ಇಲ್ಲಿ ತಿನ್ನುತ್ತ ತಿನ್ನುತ್ತಲೇ ಆ ಅಕ್ಕನ ಮೊಣಕಾಲು ನೋವಿನ ಬಗ್ಗೆ ವಿಚಾರಿಸಿದಳು, ಮಾತ್ರೆ ಹೇಳಿದಳು, ಗಾಡಿ ಹತ್ತಿದಳು. ನಾಸಿ ಲೆಮಾಕ್, ರೋಟಿ ಚನಾಯ್, ತೆಹ್ ತಾರಿಕ್ ಸೇರಿದ ಮಲೇಷ್ಯಾದ ಬೆಳಗಿನ ತಿಂಡಿಯ ಸಂಸ್ಕೃತಿಯನ್ನು ಯುನೆಸ್ಕೊ 2024ರ ಡಿಸೆಂಬರಿನಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ ಸುದ್ದಿ ಓದಿದಾಗ ನನಗೆ ನೆನಪಾದದ್ದು ಆ ಕೊಡೆ, ಆ ಮಡಚುವ ಮೇಜು.

ಇಲ್ಲೊಂದು ವ್ಯತ್ಯಾಸ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ನಮ್ಮ ಮಕ್ಕಳು ಜರ್ಮನಿಯಲ್ಲೋ ಅಮೆರಿಕದಲ್ಲೋ ಕುಳಿತು ಹಂಬಲಿಸುವುದು ಮನೆಯ ಒಳಗಿನ ಊಟಕ್ಕೆ. ಅಮ್ಮನ ಸಾರಿನ ಪುಡಿ, ಅಜ್ಜಿಯ ಮಿಡಿ ಉಪ್ಪಿನಕಾಯಿ, ಹಬ್ಬದ ಪತ್ರೊಡೆ. ಹೊರಗೆ ತಿನ್ನುವುದು ನಮ್ಮ ಹಿರಿಯರ ಕಣ್ಣಲ್ಲಿ ಚಪಲ, ಇಲ್ಲವೇ ಅನಿವಾರ್ಯ. ಆದ್ದರಿಂದಲೇ ನಮ್ಮ ಹಂಬಲವನ್ನು ಪೊಟ್ಟಣ ಕಟ್ಟಿ ವಿಮಾನಕ್ಕೆ ಹಾಕಬಹುದು. ಸಾರಿನ ಪುಡಿ ಫ್ರಾಂಕ್‌ಫರ್ಟಿನಲ್ಲೂ ಬಹುಮಟ್ಟಿಗೆ ಅದೇ ಸಾರು ಕೊಡುತ್ತದೆ. ಮಹಡಿಯ ಮಕ್ಕಳು ಹಂಬಲಿಸುತ್ತಿದ್ದುದು ಹೊಸ್ತಿಲಾಚೆಯ ಒಲೆಗೆ. ಒಂದು ತಿರುವು, ಒಂದು ಹೊತ್ತು, ತಮ್ಮ ಮನೆಯವರಲ್ಲದ ಒಬ್ಬರ ಕೈ. ಆ ಕೈಯನ್ನು ಯಾವ ತಾಯಿಯೂ ಸೂಟ್‌ಕೇಸಿನಲ್ಲಿ ಇಟ್ಟು ಕಳಿಸಲಾರಳು. ನನ್ನ ಬಂಗುಡೆ ಗಸಿಯೂ ಅದನ್ನು ತುಂಬಲಾರದು, ಅದೆಷ್ಟೇ ಚೆನ್ನಾಗಿದ್ದರೂ.

ಈಪೊಗೆ ಹೋಗುವ ದಾರಿಯುದ್ದಕ್ಕೂ ತಾಳೆ ಎಣ್ಣೆಯ ತೋಟಗಳು, ಮೈಲಿಗಟ್ಟಲೆ ಒಂದೇ ಮರ, ಒಂದೇ ಹಸಿರು. ಅಡಕೆ ತೋಟದಲ್ಲಿ ಮೆಣಸು, ವೀಳ್ಯ, ಏಲಕ್ಕಿ, ಬಾಳೆ ಒಟ್ಟಿಗೆ ನೋಡಿ ಬೆಳೆದ ಕಣ್ಣಿಗೆ ಅದು ದಣಿವು ತರುತ್ತದೆ. ಪಟ್ಟಣ ಹತ್ತಿರವಾದಂತೆ ಸುಣ್ಣಕಲ್ಲಿನ ಕಡಿದಾದ ಗುಡ್ಡಗಳು ಬಯಲಿನಿಂದ ನೇರ ಎದ್ದು ನಿಲ್ಲುತ್ತವೆ. ಈ ಕಿಂತಾ ಕಣಿವೆಯ ತವರಕ್ಕಾಗಿ ಹತ್ತೊಂಬತ್ತನೇ ಶತಮಾನದಲ್ಲಿ ದಕ್ಷಿಣ ಚೀನಾದಿಂದ ಸಾವಿರಾರು ಗಂಡಸರು ಬಂದರು. ರಬ್ಬರಿಗಾಗಿ ತಮಿಳರು ಬಂದರು. ಹುಡುಗಿಯ ಅಪ್ಪ ನಮ್ಮನ್ನು ಹಳೆಯ ತೋಟದ ಸಾಲುಮನೆಗಳಿದ್ದ ಜಾಗಕ್ಕೆ ಕರೆದುಕೊಂಡು ಹೋದರು. ಮಗಳನ್ನು ಮಣಿಪಾಲಕ್ಕೆ ಕಳಿಸಲು ಅವರು ಭವಿಷ್ಯ ನಿಧಿಯಿಂದ ಹಣ ತೆಗೆದಿದ್ದರು. "ನನ್ನ ಅಜ್ಜ ಬಂದದ್ದು ಆ ದಿಕ್ಕಿನಿಂದ, ಮಗಳು ಓದಲು ಹೋದದ್ದು ಆ ದಿಕ್ಕಿಗೇ" ಎಂದು ಕೈ ತೋರಿಸಿದರು. ಹೆಚ್ಚೇನೂ ಹೇಳಲಿಲ್ಲ.

ಬೀದಿಯ ಒಲೆಯ ಗುಟ್ಟು ನನಗೆ ಹೊಳೆದದ್ದು ಅಲ್ಲಿ. ಗಣಿಗೆ, ಬಂದರಿಗೆ ಬಂದವರಲ್ಲಿ ಹೆಚ್ಚಿನವರು ಒಂಟಿ ಗಂಡಸರು. ಅವರಿಗೆ ಮನೆಯಿಲ್ಲ, ಅಡುಗೆಮನೆಯಿಲ್ಲ, ಬೇಯಿಸಿ ಹಾಕುವವರಿಲ್ಲ. ಅವರಿಗಾಗಿ, ಅವರಂತೆಯೇ ಊರು ಬಿಟ್ಟು ಬಂದ ಇನ್ನೊಬ್ಬ ಬೀದಿಯಲ್ಲಿ ಬೆಂಕಿ ಹೂಡಿದ. ಪೆನಾಂಗಿನ ಹೆಸರಾಂತ ನಾಸಿ ಕಾಂದಾರ್ ಹುಟ್ಟಿದ್ದು ತಮಿಳು ಮುಸ್ಲಿಮರು ಹೆಗಲ ಮೇಲಿನ ಅಡ್ಡೆಯ ಒಂದು ತುದಿಗೆ ಅನ್ನ, ಇನ್ನೊಂದು ತುದಿಗೆ ಸಾರು ತೂಗಿಸಿಕೊಂಡು ಬಂದರಿನ ಕೂಲಿಗಳಿಗೆ ಮಾರುತ್ತ ನಡೆದಾಗ. ಇದು ನಮಗೂ ಗೊತ್ತಿರುವ ಕತೆಯೇ. ಮುಂಬಯಿಗೆ ಹೋದ ಒಂಟಿ ಗಂಡಸರಿಗೆ ಅನ್ನ ಹಾಕಿದ್ದು ನಮ್ಮ ಕರಾವಳಿಯವರ ಖಾನಾವಳಿಗಳು, ಎ. ರಾಮ ನಾಯಕರು 1942ರಲ್ಲಿ ಮಾಟುಂಗದಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಮುಂದೆ ಇವತ್ತಿಗೂ ಜನ ಸಾಲು ನಿಲ್ಲುತ್ತಾರೆ. ಮಲಯಾದಲ್ಲಿ ಅದು ಇಡೀ ದೇಶದ ಊಟದ ರೀತಿಯೇ ಆಯಿತು. ಊರು ನೆನೆದು ಕೊರಗಿದವರೇ ಹುಟ್ಟಿಸಿದ ಅಡುಗೆಯನ್ನು ಅವರ ಮರಿಮಕ್ಕಳು ನನ್ನ ಮಹಡಿಯಲ್ಲಿ ಕುಳಿತು ನೆನೆದು ಕೊರಗುತ್ತಿದ್ದರು.

ಪೆನಾಂಗ್ ದ್ವೀಪದ ಜಾರ್ಜ್ ಟೌನ್ ಸೇರಿದ ಸಂಜೆ ನಮ್ಮವರಿಗೆ ಮೊದಲು ಕೋಟೆ ನೋಡಬೇಕಿತ್ತು. ಫ್ರಾನ್ಸಿಸ್ ಲೈಟ್ 1786ರಲ್ಲಿ ಇಳಿದ ಜಾಗದಲ್ಲಿರುವ ಆ ಕೋಟೆಯ ಹೆಸರು ಫೋರ್ಟ್ ಕಾರ್ನ್‌ವಾಲಿಸ್. 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ, ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡು, ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಒಯ್ದ ಅದೇ ಕಾರ್ನ್‌ವಾಲಿಸ್. ಇಷ್ಟು ದೂರದ ಕಡಲ ದಂಡೆಯಲ್ಲಿ ಆ ಹೆಸರು ಓದಿದಾಗ ಇಬ್ಬರಿಗೂ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ.

ಹುಡುಗಿಯ ಮನೆ ಎತ್ತರದ ಕಟ್ಟಡವೊಂದರ ಮಧ್ಯದ ಮಹಡಿಯಲ್ಲಿ. ತಾಯಿ ಲೆಕ್ಕಪತ್ರದ ಕೆಲಸಕ್ಕೆ ಹೋಗುವವರು. ಅಡುಗೆಮನೆ ಚಿಕ್ಕದು, ಚೊಕ್ಕಟ. ಹಬ್ಬಕ್ಕೆ, ಹಿರಿಯರ ಪೂಜೆಗೆ ಅಲ್ಲಿ ದೊಡ್ಡ ಅಡುಗೆಯೇ ಆಗುತ್ತದೆ; ದಿನನಿತ್ಯ ಬೆಳಗಿನ ತಿಂಡಿ ಹೊರಗೆ, ಎಷ್ಟೋ ರಾತ್ರಿ ಊಟವೂ ಹೊರಗೆ. ಚಾರ್ ಕ್ವೇ ತ್ಯಾವ್ ಎಂಬ ಹುರಿದ ಅಕ್ಕಿ ಶಾವಿಗೆಯನ್ನು ನೀವು ಮನೆಯಲ್ಲಿ ಮಾಡುತ್ತೀರಾ ಎಂದು ಕೇಳಿದೆ. ಮಗಳು ಮಣಿಪಾಲದಲ್ಲಿ ಹೆಚ್ಚು ಹೇಳುತ್ತಿದ್ದ ಹೆಸರು ಅದು. ಆಕೆ ಗ್ಯಾಸ್ ಒಲೆಯನ್ನು ತೋರಿಸಿದರು. "ಈ ಬೆಂಕಿಯಲ್ಲಿ ಅದು ಆಗುವುದಿಲ್ಲ. ಬನ್ನಿ."

ಅವರು ಕರೆದೊಯ್ದದ್ದು ಒಬ್ಬ ಮುದುಕರ ಗಾಡಿಗೆ. ಅದು ಒಂದು ಹಳೆಯ ಕಾಫಿ ಅಂಗಡಿಯ ಮುಂದೆ ನಿಲ್ಲುತ್ತದೆ. ಇದ್ದಿಲ ಒಲೆ, ಕಪ್ಪು ಬಾಣಲೆ, ತೆಳ್ಳಗಿನ ಮೈ, ಕೊರಳಲ್ಲೊಂದು ಟವೆಲ್ಲು. ಎಷ್ಟೇ ಜನ ಕಾಯುತ್ತಿದ್ದರೂ ಅವರು ಹುರಿಯುವುದು ಒಂದು ಸಲಕ್ಕೆ ಒಂದೇ ತಟ್ಟೆ. ಕೊಬ್ಬು ಕಾಯಿಸಿ ಬೆಳ್ಳುಳ್ಳಿ, ಅದರ ಮೇಲೆ ಅಗಲದ ಅಕ್ಕಿ ಶಾವಿಗೆ, ಕಪ್ಪು ಸೋಯಾ, ಮೆಣಸಿನ ಅರಪ್ಪು. ಒಂದು ಬದಿಗೆ ಸರಿಸಿ ಮೊಟ್ಟೆ ಒಡೆದು, ಸೀಗಡಿ, ಮೊಳಕೆ ಕಾಳು, ಬೆಳ್ಳುಳ್ಳಿ ವಾಸನೆಯ ಸೊಪ್ಪು, ಕೊನೆಗೆ ನಮ್ಮ ಮರುವಾಯಿಯ ಜಾತಿಯ ಚಿಪ್ಪಿನ ಮಾಂಸ. ಬೆಂಕಿ ಬಾಣಲೆಯ ಅಂಚು ಹತ್ತಿ ಒಳಗೆ ಇಣುಕಿದಾಗ ಸೌಟು ಒಂದೇ ಸಮನೆ ಓಡುತ್ತದೆ. ಎರಡು ಮೂರು ನಿಮಿಷದಲ್ಲಿ ತಟ್ಟೆ ಮೇಜಿನ ಮೇಲೆ. ಹೊಗೆಯ ಒಂದು ಎಳೆ ಶಾವಿಗೆಯ ಒಳಗಿನವರೆಗೂ ಹೋಗಿರುತ್ತದೆ. ಅರ್ಧ ತಿಂದು ಮಾತಿಗೆ ತೊಡಗಿದರೆ ಉಳಿದರ್ಧದಲ್ಲಿ ಆ ಎಳೆ ಇರುವುದಿಲ್ಲ. ಪೊಟ್ಟಣ ಕಟ್ಟಿ ಮನೆಗೆ ಒಯ್ದವರಿಗೇ ಸಿಗದ ರುಚಿ ಸಮುದ್ರ ದಾಟಿ 3,000 ಕಿಲೋಮೀಟರ್ ದೂರದ ಮಣಿಪಾಲಕ್ಕೆ ಎಲ್ಲಿಂದ ಬರಬೇಕು?

ತಟ್ಟೆ ಇಡಲು ಬಂದ ಮುದುಕರ ಹೆಂಡತಿ ಹುಡುಗಿಯ ಗಲ್ಲ ತಟ್ಟಿ ಏನೋ ಅಂದರು. ಚಿಕ್ಕವಳಿದ್ದಾಗ ಮೊಳಕೆ ಕಾಳು ಬೇಡವೆಂದು ಆರಿಸಿ ಇಡುತ್ತಿದ್ದಳಂತೆ, ಈಗಲೂ ಇವಳ ತಟ್ಟೆಗೆ ಕಡಿಮೆ ಹಾಕುತ್ತಾರಂತೆ. ಅವರ ಇಬ್ಬರು ಮಕ್ಕಳೂ ಓದಿ ಸಿಂಗಪುರದಲ್ಲಿ ಕೆಲಸದಲ್ಲಿದ್ದಾರೆ. ಬಾಣಲೆ ಹಿಡಿಯಲು ಯಾರೂ ಬರುವುದಿಲ್ಲ. ಇಂಥ ತಿಂಡಿಗಳ ರುಚಿ ಕೆಡಬಾರದೆಂದು ಪೆನಾಂಗ್ ಸರ್ಕಾರ 2016ರಿಂದ ಬೀದಿ ಗಾಡಿಗಳಲ್ಲಿ ಹೊರದೇಶದ ಕೆಲಸಗಾರರು ಮುಖ್ಯ ಅಡುಗೆಯವರಾಗುವುದನ್ನು ನಿಷೇಧಿಸಿದೆ. ನನಗೆ ಆ ನಿಯಮ ಸರಿಯೆನಿಸಲಿಲ್ಲ. ಈ ಬೆಂಕಿಯನ್ನು ಮೊದಲು ಹೂಡಿದವರೂ ಹೊರದೇಶದ ಕೆಲಸಗಾರರೇ ಆಗಿದ್ದರು. ಕಲಿಯಲು ಮನಸ್ಸಿರುವ ಕೈಗೆ ಬಾಣಲೆ ದಾಟಿಸದೆ ಹೋದರೆ ಅದು ಮುದುಕರ ಜೊತೆಗೇ ತಣ್ಣಗಾಗುತ್ತದೆ. ತಾಯಿಗೂ ಅದೇ ಚಿಂತೆ. "ಇವಳು ಅಲ್ಲಿ ಓದುತ್ತಿದ್ದಾಗ ಇವರಿಗೆ ಏನೂ ಆಗದಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ" ಎಂದರು.

ಮರುದಿನ ಅಸಾಮ್ ಲಕ್ಸಾ ತಿಂದೆ. ಬೇಯಿಸಿ ಮುಳ್ಳು ತೆಗೆದು ಹಿಸುಕಿದ ಮೀನಿನ ಹುಳಿಸಾರು, ದಪ್ಪ ಶಾವಿಗೆ, ಅನಾನಸಿನ ಎಳೆಗಳು, ಪುದೀನ, ಕೆಂಪು ಶುಂಠಿಹೂವು, ಮೇಲೊಂದು ಚಮಚ ಕಪ್ಪು ಸೀಗಡಿ ಪಾಕ. ಮೀನು ಯಾವುದೆಂದು ಕೇಳಿ ಮಾರುಕಟ್ಟೆಯಲ್ಲಿ ನೋಡಿದರೆ ನಮ್ಮ ಬಂಗುಡೆ! ನಾನು ಇಷ್ಟು ವರ್ಷ ಕುಚ್ಚಲಕ್ಕಿ ಅನ್ನಕ್ಕೆ ಕಲಸಿದ ಮೀನು ಅನಾನಸಿನ ಪಕ್ಕದಲ್ಲಿ ಇಷ್ಟು ಗತ್ತಿನಿಂದ ಕೂರಬಲ್ಲದು ಎಂದು ಯಾರು ಎಣಿಸಿದ್ದರು? ಎರಡನೆಯ ಬಟ್ಟಲನ್ನೂ ತರಿಸಿಕೊಂಡೆ.

ಕೊನೆಯ ರಾತ್ರಿ ಮೆಲಾಕಾದವಳೂ ಈಪೊದವಳೂ ರಜೆ ಹಾಕಿ ಬಂದರು. ಎಲ್ಲಿ ಕೂರುವುದೆಂದು ಯಾರೂ ಚರ್ಚಿಸಲಿಲ್ಲ. ಮುದುಕರ ಗಾಡಿಯಲ್ಲಿ ಹಂದಿಕೊಬ್ಬು, ಮಲಯ್ ಹುಡುಗಿ ಅಲ್ಲಿ ಉಣ್ಣುವಂತಿಲ್ಲ. ಹೀಗಾಗಿ ಕಾಲುಗಳು ತಾವಾಗಿಯೇ ಮಾಮಕ್ ಅಂಗಡಿಯತ್ತ ನಡೆದವು. ತಮಿಳು ಮುಸ್ಲಿಮರು ನಡೆಸುವ, ರಾತ್ರಿಯಿಡೀ ತೆರೆದಿರುವ ಈ ಅಂಗಡಿಗಳಲ್ಲಿ ಹಂದಿಯೂ ಇಲ್ಲ, ಹೆಂಡವೂ ಇಲ್ಲ. ಎಲ್ಲ ಜಾತಿಯವರೂ ಒಂದೇ ಮೇಜಿಗೆ ಕೂರಬಹುದು. ಬೀದಿಯ ಮೇಲೇ ಹರಡಿದ ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಯ ಟಿವಿಯಲ್ಲಿ ಫುಟ್ಬಾಲ್. ರೋಟಿಯ ಹಿಟ್ಟನ್ನು ಗಾಳಿಯಲ್ಲಿ ಬೀಸಿ ಬೀಸಿ ಕಾಗದದಷ್ಟು ತೆಳ್ಳಗೆ ಮಾಡುವ ಕೈಯನ್ನು ನೋಡುತ್ತ ನಾವು ನಡುರಾತ್ರಿಯವರೆಗೂ ಕುಳಿತೆವು. ಹತ್ತಿರದ ಮೇಜುಗಳಲ್ಲಿ ಮಲಯರ ಗುಂಪು, ಚೀನೀಯರ ಗುಂಪು, ತಮಿಳರ ಗುಂಪು, ಹೆಚ್ಚಾಗಿ ಅವರವರದೇ. ಈಪೊ ಹುಡುಗಿ ಅದನ್ನು ನೋಡಿಯೇ ಹೇಳಿದಳು: "ಇಲ್ಲಿ ನಾವು ಮೂವರೂ ಬೇರೆ ಬೇರೆ ಭಾಷೆಯ ಶಾಲೆಯಲ್ಲಿ ಓದಿದವರು. ಒಂದೇ ಪಾತ್ರೆಯಿಂದ ಬಡಿಸಿಕೊಂಡು ಉಂಡದ್ದು ನಿಮ್ಮ ಮಹಡಿಯಲ್ಲೇ ಆಂಟಿ."

ಮಣಿಪಾಲದ ಯಾವ ತಿಂಡಿ ನೆನಪಾಗುತ್ತದೆ ಎಂದು ಕೇಳಿದೆ. ಮೂವರೂ ಒಟ್ಟಿಗೆ ಬಾಯಿ ತೆರೆದರು. ಟೈಗರ್ ಸರ್ಕಲ್ಲಿನ ಹತ್ತಿರ ರಾತ್ರಿ ಹೊತ್ತು ನಿಲ್ಲುತ್ತಿದ್ದ ಆಮ್ಲೆಟ್ ಗಾಡಿ. ಪರೀಕ್ಷೆಯ ದಿನಗಳಲ್ಲಿ ಓದು ಮುಗಿಸಿ ಅಲ್ಲಿಗೆ ನಡೆದುಹೋಗುತ್ತಿದ್ದರು. ಗಾಡಿಯವನು ಇವರಿಗೆ ಹಸಿಮೆಣಸು ಜಾಸ್ತಿ ಹಾಕುತ್ತಿದ್ದ, ಇವರು ಬರುವುದು ತಡವಾದರೆ ಬ್ರೆಡ್ಡು ಎತ್ತಿಡುತ್ತಿದ್ದ. "ಆ ಅಣ್ಣ ಈಗಲೂ ಇದ್ದಾರಾ ಆಂಟಿ?" ಎಂದು ಪೆನಾಂಗಿನವಳು ಕೇಳಿದಳು. ಮೆಲಾಕಾದ ತಾಯಿ ಫೋನಿನಲ್ಲಿ ಕೇಳಿಸಿಕೊಂಡಿದ್ದ ಪ್ರಶ್ನೆಯೇ ಈಗ ನನ್ನ ಮುಂದೆ ಇತ್ತು. ನನಗೆ ಒಳಗೊಳಗೇ ಸಂತೋಷವಾಯಿತು. ನಮ್ಮ ಊರಿನಲ್ಲೂ ಅವರಿಗೆ ಹೊಸ್ತಿಲಾಚೆ ಒಂದು ಒಲೆ, ಗುರುತಿಟ್ಟುಕೊಂಡ ಒಂದು ಕೈ ಸಿಕ್ಕಿತ್ತಲ್ಲ.

ಊರಿಗೆ ಬಂದು ಹುಡುಕಿದರೆ ಗಾಡಿ ಇರಲಿಲ್ಲ. ರಸ್ತೆ ಅಗಲವಾದಾಗ ಅದು ಎದ್ದಿತಂತೆ. ಆ ಹುಡುಗ ಎಲ್ಲಿಗೆ ಹೋದನೆಂದು ಅಕ್ಕಪಕ್ಕದವರಿಗೂ ಗೊತ್ತಿಲ್ಲ. ಹುಡುಗಿಯರಿಗೆ ನಾನು ಈ ಸುದ್ದಿ ಇನ್ನೂ ತಿಳಿಸಿಲ್ಲ.

ಮಲೇಷ್ಯಾದ ಊರಾಡಳಿತಗಳು ಇಂಥ ಗಾಡಿಗಳಿಗೆ ಪರವಾನಗಿ ಕೊಡುತ್ತವೆ, ಅನೇಕ ಕಡೆ ಗಾಡಿಯವರೆಲ್ಲರನ್ನು ಒಟ್ಟಿಗೆ ಕೂರಿಸಲು ಮಾಡು, ನೀರು, ದೀಪ ಇರುವ ಜಾಗ ಕಟ್ಟಿಕೊಟ್ಟಿವೆ. ನಮ್ಮಲ್ಲಿಯೂ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದೆ. ಪ್ರತಿ ಊರಿನಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಸಮೀಕ್ಷೆ ಮಾಡದೆ ಯಾರನ್ನೂ ಎಬ್ಬಿಸಬಾರದು ಎಂದು ಅದು ಹೇಳುತ್ತದೆ. ಮಣಿಪಾಲ, ಬೆಳಗಾವಿ, ದಾವಣಗೆರೆ, ಮೈಸೂರುಗಳಂಥ ವಿದ್ಯಾರ್ಥಿಗಳ ಊರುಗಳಲ್ಲಿ ಆ ಸಮಿತಿಯಲ್ಲಿ ಕೂರುವವರಲ್ಲಿ ನನ್ನ ವಿನಂತಿ ಇಷ್ಟೇ: ರಾತ್ರಿ ಗಾಡಿಗಳನ್ನು ಎತ್ತಿಸುವ ಮುಂಚೆ ಅಲ್ಲಿ ನಿಂತು ತಿನ್ನುತ್ತಿರುವ ಮಕ್ಕಳನ್ನು ಒಮ್ಮೆ ಮಾತಾಡಿಸಿ, ಗಾಡಿಗೆ ಬೇರೆ ಜಾಗ ತೋರಿಸಿದ ಮೇಲೆ ರಸ್ತೆ ಅಗೆಯಿರಿ. ಮನೆ ಬಾಡಿಗೆಗೆ ಕೊಡುವವರಲ್ಲಿಯೂ ಒಂದು ಮಾತು. ಕರಾರಿನಲ್ಲಿ ಅಡುಗೆಯ ವಾಸನೆಗೆ ಷರತ್ತು ಬರೆಯಬೇಡಿ. ವಾಸನೆ ಬಂದ ಸಂಜೆ ಮೇಲೆ ಹೋಗಿ, ಏನು ಮಾಡಿದ್ದೀರಿ ಮಕ್ಕಳೇ ಎಂದು ಕೇಳಿ, ಅವರು ಬಡಿಸಿದರೆ ಕುಳಿತು ಉಣ್ಣಿ.